ಬೆಟ್ಟ, ಬ್ಯಾಣ, ಗ್ರೌಂಡು

ಮದುವೆಯಾದ ಹೊಸತರಲ್ಲಿ ನನ್ನ ಗಂಡ ಮೊದಲ ಸಲ ಸಾಗರದ ಹತ್ತಿರ ಇರುವ ನನ್ನ ಸೋದರಮಾವನ ಮನೆಗೆ ಬಂದಿದ್ದರು. ದೀಪಾವಳಿ ಮುಗಿದ ಮರುದಿನ. ತಿಂಡಿ ಆದ ಮೇಲೆ ಮಾವ ಕವಳ ಹಾಕಿಕೊಂಡು, "ಅಳಿಯಂದ್ರೇ, ಬೆಟ್ಟಕ್ಕೆ ಹೋಗಿ ಬರೋಣ, ಬರ್ತೀರಾ?" ಅಂದರು. ಇವರು ಅಜ್ಜಂಪುರದ ಕಡೆಯವರು. ಬೆಟ್ಟ ಅಂದ ಕೂಡಲೇ ಶೂ ಲೇಸು ಬಿಗಿದರು, ಬಾಟಲಿಗೆ ನೀರು ತುಂಬಿಸಿಕೊಂಡರು, ಟೋಪಿ ಹುಡುಕಿದರು. ಮಾವ ಹವಾಯಿ ಚಪ್ಪಲಿಯಲ್ಲೇ ಹೊರಟರು. ಕೊಟ್ಟಿಗೆ ದಾಟಿ ಇನ್ನೂರು ಹೆಜ್ಜೆ ಆಗಿರಬಹುದು, ನಿಂತು "ಇದೇ ನಮ್ಮ ಬೆಟ್ಟ" ಅಂದರು.

ಅಲ್ಲಿ ಹತ್ತುವುದಕ್ಕೆ ಏನೂ ಇರಲಿಲ್ಲ. ಕೊಂಬೆ ಕಡಿಸಿಕೊಂಡು ನಿಂತ ಮತ್ತಿ ಮರಗಳು, ನಾಲ್ಕು ನೇರಳೆ, ಕೆಳಗೆ ದರಗು. ಗಂಡ ಸುತ್ತ ನೋಡಿ, ತಲೆಯೆತ್ತಿ ನೋಡಿ, "ಬೆಟ್ಟ ಎಲ್ಲಿ ಮಾವ?" ಅಂದರು. ಆ ಪ್ರಶ್ನೆ ಇವತ್ತಿಗೂ ಆ ಮನೆಯಲ್ಲಿ ಓಡಾಡುತ್ತಿದೆ.

ನಮ್ಮ ಕಡೆ ಬೆಟ್ಟ ಅಂದರೆ ಎತ್ತರದ ಜಾಗ ಅಲ್ಲ, ಸೊಪ್ಪು ಕಡಿಯುವ ಜಾಗ. ಪೂರ್ತಿ ಹೆಸರು ಸೊಪ್ಪಿನ ಬೆಟ್ಟ. ಎತ್ತರದ್ದಕ್ಕೆ ಗುಡ್ಡ ಅಂತೇವೆ. ಇದು ಗೊತ್ತಿಲ್ಲದವರಿಗೆ ನಮ್ಮ ಮಾತು ಅರ್ಧ ಅರ್ಥವಾಗುತ್ತದೆ, ಅರ್ಧ ಶೂ ಕಟ್ಟಿಸುತ್ತದೆ.

ಅಸಲಿ ಜಗಳ ಶುರುವಾದದ್ದು ಬೆಟ್ಟ ಮುಗಿದ ಮೇಲೆ. ಅದರಾಚೆ ಒಂದು ಇಳಿಜಾರು. ಎದೆಮಟ್ಟ ಬೆಳೆದ ಹುಲ್ಲು, ಆಗಲೇ ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತಿತ್ತು. ನಡುವೆ ಅಲ್ಲೊಂದು ಇಲ್ಲೊಂದು ಮರ. ಗಂಡನ ಮುಖ ಅರಳಿತು. "ಓ, ಕಾವಲು!" ಅಂದರು. ತಮ್ಮೂರಿನ ವಸ್ತು ಇಲ್ಲಿ ಸಿಕ್ಕಿತು ಅನ್ನುವ ಖುಷಿ. ಹಿಂದೆ ಬರುತ್ತಿದ್ದ ನಮ್ಮ ಅತ್ತಿಗೆ ಕಾರ್ಕಳದವಳು. "ಇದು ಗುಡ್ಡೆ ಅಲ್ವಾ? ನಮ್ಮಲ್ಲಿ ದನ ಬಿಡುವ ಗುಡ್ಡೆ ಹೀಗೇ ಇರ್ತದೆ" ಅಂದಳು. ಮೇಲೆ ಚಪ್ಪಟೆಯಾಗಿದ್ದರೆ ಪದವು ಅಂತ ಹೇಳಬಹುದಿತ್ತಂತೆ. ತುಳುನಾಡಿನಲ್ಲಿ ಮುರಕಲ್ಲಿನ ಬಯಲಿಗೆ ಆ ಹೆಸರು. ನಾನು ಓದಿದವಳು ನೋಡಿ, "ಹುಲ್ಲುಗಾವಲು" ಅಂದುಬಿಟ್ಟೆ.

ಮಾವ ನನ್ನ ಕಡೆ ತಿರುಗಿ, "ಹುಲ್ಲುಗಾವಲು ಅಲ್ದೇ ಕೂಸೇ, ಇದು ಬ್ಯಾಣ" ಅಂದರು.

ನಾಲ್ಕು ಜನ, ನಾಲ್ಕು ಹೆಸರು. ಅದರಲ್ಲಿ ಮೂರು ಹೆಸರನ್ನು ದಿನಾ ಬಳಸುವವರಿದ್ದಾರೆ. ನಾಲ್ಕನೆಯದು, ಅಂದರೆ ನನ್ನದು, ಪುಸ್ತಕದಲ್ಲಿ ಮಾತ್ರ ಇತ್ತು. "ದನ ಹುಲ್ಲುಗಾವಲಿಗೆ ಹೋಗಿದೆ" ಅಂತ ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಆದರೂ ಆ ಪುಸ್ತಕದ ಶಬ್ದವನ್ನು ಬಿಡಿಸಿ ನೋಡಿದರೆ ಒಳಗೆ ಗಂಡನ ಶಬ್ದವೇ ಕೂತಿದೆ. ಹುಲ್ಲು, ಕಾವಲು. ಕಕಾರಕ್ಕೆ ಗಕಾರ ಬಂದು ಹುಲ್ಲುಗಾವಲು. ಶಾಲೆಯಲ್ಲಿ ಆದೇಶ ಸಂಧಿ ಅಂತ ಉರು ಹೊಡೆದಿದ್ದು ಇದನ್ನೇ. ಕಾವಲು ಅಂದರೆ ಕಾಯುವುದು. ಯಾರೋ ಕಾಯುತ್ತಿದ್ದಾರೆ, ಸಿಕ್ಕಸಿಕ್ಕವರ ದನ ಒಳಗೆ ಬರುವಂತಿಲ್ಲ ಅನ್ನುವ ಸುದ್ದಿ ಹೆಸರಿನಲ್ಲೇ ಇದೆ. ಮೈಸೂರು ಸೀಮೆಯಲ್ಲಿ ಹಾಗೆ ಕಾಯಿಸಿದ್ದು ಅರಸರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ವ್ಯವಸ್ಥೆಗೆ ಬೆಣ್ಣೆ ಚಾವಡಿ ಅಂತ ಹೆಸರಿತ್ತು. ಟಿಪ್ಪು ಸುಲ್ತಾನ್ ಅದನ್ನು ಅಮೃತ ಮಹಲ್ ಮಾಡಿದ. ಬೆಣ್ಣೆಗೆ ಶುರುವಾದ ದನದ ಹಿಂಡು ಆಮೇಲೆ ದಂಡಿನ ಸಾಮಾನು, ತೋಪು ಎಳೆಯುವ ಎತ್ತುಗಳಿಗಾಗಿ ಬೆಳೆಯಿತು. ಆ ಹಿಂಡುಗಳಿಗೆ ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆಯ ಕಾವಲು ಅಂದರೆ ಎಲ್ಲ ಒಣಗಿದ ಮೇಲೂ ಕೆರೆಯ ಬದಿಯಲ್ಲಿ ಒಂದಿಷ್ಟು ಹಸಿರು, ನೆರಳು, ನೀರು ಉಳಿಯುವ ಜಾಗ. ನನ್ನ ಗಂಡನ ಅಜ್ಜನಿಗೆ ಸುತ್ತಲಿನ ಕಾವಲುಗಳ ಹೆಸರು ಬಾಯಿಪಾಠ ಇತ್ತಂತೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಈಗಲೂ ಇದೆ. ಅಲ್ಲಿಯವರಿಗೆ ಕಾವಲು ಅನ್ನುವುದು ಬರೀ ಹುಲ್ಲಲ್ಲ, ಸರ್ಕಾರ.

ನಮ್ಮ ಬ್ಯಾಣದಲ್ಲಿ ಅರಸರ ವಾಸನೆ ಇಲ್ಲ. ಅದು ತೋಟದ ಬಾಲ. ಬೇಣ ಅಂತಲೂ ಬರೆಯುತ್ತಾರೆ, ಬಾಯಲ್ಲಿ ಬ್ಯಾಣವೇ. ಮಳೆಗಾಲ ಇಡೀ ಅಲ್ಲಿ ಹುಲ್ಲು ಬೆಳೆಯಲು ಬಿಡಬೇಕು. ದೀಪಾವಳಿ ಕಳೆದು ಹುಲ್ಲು ಬಲಿತ ಮೇಲೆ ಕೊಯ್ಲು. ಕೊಯ್ದ ಒಣಹುಲ್ಲಿಗೆ ಕರಡ ಅನ್ನುತ್ತೇವೆ. ಹೊರೆ ಕಟ್ಟಿ ಮನೆಗೆ ತರಬೇಕು, ಅಟ್ಟಕ್ಕೆ ಏರಿಸಬೇಕು ಇಲ್ಲವೇ ಬಣವೆ ಹಾಕಬೇಕು. ಒಂದಿಷ್ಟು ದನದ ಬಾಯಿಗೆ, ಒಂದಿಷ್ಟು ದನದ ಕಾಲ ಕೆಳಗೆ. ಕೊಟ್ಟಿಗೆಯಲ್ಲಿ ಸಗಣಿ, ಗಂಜಲದ ಜೊತೆ ಸೇರಿ ಅದೇ ಗೊಬ್ಬರ. ಗೊಬ್ಬರ ಅಡಿಕೆ ಮರದ ಬುಡಕ್ಕೆ. ಹೆಂಚು ಬರುವ ಮೊದಲು ಮಾಡಿನ ಮೇಲೂ ಹುಲ್ಲೇ. ಕೊಯ್ಲು ಮುಗಿದ ಮೇಲೆ ಮಾತ್ರ ದನ ಒಳಗೆ ಬಿಡುವುದು. ಅಂದರೆ ಬ್ಯಾಣಕ್ಕೆ ಮೊದಲು ಕತ್ತಿ, ಆಮೇಲೆ ಬಾಯಿ. ಗೋಮಾಳಕ್ಕೆ ಕತ್ತಿ ಇಲ್ಲ, ಬರೀ ಬಾಯಿ.

ಈ ವ್ಯತ್ಯಾಸ ಚಿಕ್ಕದಲ್ಲ ಅಂತ ನನಗೆ ಹೊಳೆದದ್ದು ಇಂಗ್ಲಿಷಿನಿಂದ. ಅಲ್ಲಿ ಮೆಡೋ, ಪಾಶ್ಚರ್ ಅಂತ ಎರಡು ಶಬ್ದ ಇವೆ. ಎರಡಕ್ಕೂ ನಮ್ಮ ನಿಘಂಟು ಹುಲ್ಲುಗಾವಲು ಅಂತಲೇ ಹೇಳಿ ಕೈತೊಳೆದುಕೊಳ್ಳುತ್ತದೆ. ಆದರೆ ಮೆಡೋ ಅನ್ನುವುದು ಕೊಯ್ಯುವುದು ಅನ್ನುವ ಅರ್ಥದ ಬೇರಿನಿಂದ ಬಂದದ್ದು. ಪಾಶ್ಚರ್ ಲ್ಯಾಟಿನ್ನಿನ ಮೇಯಿಸುವುದು ಅನ್ನುವ ಮಾತಿನಿಂದ. ಒಂದು ಕತ್ತಿಯದು, ಇನ್ನೊಂದು ಬಾಯಿಯದು. ಬ್ಯಾಣ ಮತ್ತು ಗೋಮಾಳ! ನಿಘಂಟು ಬರೆಯುವಾಗ ಸಾಗರದ ಒಬ್ಬ ತೋಟದವನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ಕೆಲಸ ಆಗುತ್ತಿತ್ತು. ಜಪಾನಿನಲ್ಲಿ ಕಯಾಬಾ ಅನ್ನುತ್ತಾರೆ, ಮಾಡಿಗೆ ಹೊದಿಸುವ ಹುಲ್ಲು ಬೆಳೆಯುವ ಜಾಗ ಅಂತ ಅರ್ಥ. ನಮ್ಮ ಅಜ್ಜಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಮರಾಠಿಯ ಕುರಣ ನಮ್ಮ ಕಾವಲಿನ ತಮ್ಮ, ಮೇವಿಗಾಗಿ ಕಾದಿಟ್ಟ ಹುಲ್ಲಿನ ಜಾಗ. ಅವರ ಮಾಳ ಮತ್ತು ನಮ್ಮ ಗೋಮಾಳದ ಮಾಳ ಪಕ್ಕಪಕ್ಕದ ಮನೆಯವು.

ಶಾಲೆಯಲ್ಲಿ ನಮಗೆ ಕಲಿಸಿದ ಪಟ್ಟಿ ಬೇರೆಯೇ ಇತ್ತು. ಉತ್ತರ ಅಮೆರಿಕದಲ್ಲಿ ಪ್ರೇರಿ, ದಕ್ಷಿಣ ಅಮೆರಿಕದಲ್ಲಿ ಪಂಪಾಸ್, ಯುರೇಷಿಯಾದಲ್ಲಿ ಸ್ಟೆಪ್ಪಿ, ದಕ್ಷಿಣ ಆಫ್ರಿಕಾದಲ್ಲಿ ವೆಲ್ಡ್, ಆಸ್ಟ್ರೇಲಿಯಾದಲ್ಲಿ ಡೌನ್ಸ್. ಮಂತ್ರದ ಹಾಗೆ ಹೇಳುತ್ತಿದ್ದೆವು. ಕಿಟಕಿಯಾಚೆ ಬ್ಯಾಣ ಇತ್ತು, ಅದರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಇರಬೇಕಿತ್ತು ಅಂತ ಆಗ ಅನ್ನಿಸಲೂ ಇಲ್ಲ ಬಿಡಿ.

ಈಗ ಆ ಹೆಸರುಗಳನ್ನು ಒಂದೊಂದಾಗಿ ಒಡೆದು ನೋಡಿದರೆ ತಮಾಷೆ ಅನ್ನಿಸುತ್ತದೆ. ಪಂಪಾ ಅನ್ನುವುದು ಕೆಚುವಾ ಭಾಷೆಯ ಮಾತು, ಸಮತಟ್ಟು ನೆಲ ಅಂತ. ವೆನೆಜುವೆಲಾ, ಕೊಲಂಬಿಯಾದ ಲ್ಯಾನೋಸ್ ಕೂಡ ಸ್ಪ್ಯಾನಿಷಿನ ಸಮತಟ್ಟೇ. ವೆಲ್ಡ್ ಅಂದರೆ ಡಚ್ಚರ ಬಾಯಲ್ಲಿ ಸುಮ್ನೆ ಹೊಲ. ಹಂಗೇರಿಯವರ ಪುಸ್ತಾ ಅಂದರೆ ಖಾಲಿ, ಬರಿದು. ಡೌನ್ಸ್ ಅನ್ನುವುದಂತೂ ಕೆಳಗೆ ಅಲ್ಲವೇ ಅಲ್ಲ, ಹಳೆಯ ಇಂಗ್ಲಿಷಿನಲ್ಲಿ ಗುಡ್ಡ ಅನ್ನುವ ಮಾತು! ನಮ್ಮ ಬೆಟ್ಟದ ಕಥೆ ನೆನಪಾಯಿತೇ? ಇದರಲ್ಲಿ ಯಾವುದರಲ್ಲೂ ಹುಲ್ಲು ಇಲ್ಲ. ಕುದುರೆ ಮೇಲಿಂದ ನೋಡಿದವನಿಗೆ ನೆಲ ಹೇಗೆ ಕಾಣುತ್ತದೋ ಹಾಗೆ ಇಟ್ಟ ಹೆಸರುಗಳು. ದಾಟಿ ಹೋಗುವವನಿಗೆ ಮುಖ್ಯ ಆಗುವುದು ಅದೇ. ಚಪ್ಪಟೆ ಇದೆಯಾ, ಏರಿದೆಯಾ, ಮುಂದೆ ಯಾರಾದರೂ ಇದ್ದಾರಾ.

ಪ್ರೇರಿಯ ಕಥೆ ಸ್ವಲ್ಪ ಬೇರೆ. ಫ್ರೆಂಚರ ಊರಿನಲ್ಲಿ ಪ್ರೇರಿ ಅಂದರೆ ಹುಲ್ಲಿನ ಬಯಲು, ಹೆಚ್ಚು ಕಡಿಮೆ ನಮ್ಮ ಬ್ಯಾಣ. ಅವರು ಅಮೆರಿಕದ ನಡುನಾಡಿಗೆ ಹೋದಾಗ ಕುದುರೆ ಸವಾರನೇ ಮುಚ್ಚಿಹೋಗುವಷ್ಟು ಎತ್ತರದ ಹುಲ್ಲು, ಮುಗಿಯದಷ್ಟು ದೂರ. ಕೈಯಲ್ಲಿ ಬೇರೆ ಹೆಸರಿಲ್ಲ. ಊರಿನ ಹೆಸರನ್ನೇ ಅದಕ್ಕೆ ಅಂಟಿಸಿದರು. ಮಾವ ಚಿತ್ರದುರ್ಗದ ಕಡೆ ಹೋಗಿ ಮೈಲಿಗಟ್ಟಲೆ ಕಾವಲು ನೋಡಿ "ಎಂಥಾ ಬ್ಯಾಣ ಮಾರಾಯಾ" ಅಂದ ಹಾಗೆ. ಸವನ್ನಾ ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತು. ಸ್ಪ್ಯಾನಿಷರು ಅದನ್ನು ಎತ್ತಿಕೊಂಡಾಗ ಮರವಿಲ್ಲದ ಬಯಲು ಅಂತ ಅರ್ಥ. ಇವತ್ತು ವಿಜ್ಞಾನಿಗಳು ಸವನ್ನಾ ಅಂದರೆ ಹುಲ್ಲಿನ ನಡುವೆ ಅಲ್ಲಲ್ಲಿ ಮರ ಇರುವ ನಾಡು. ದಾರಿಯಲ್ಲಿ ಎಲ್ಲೋ ಮರ ಬೆಳೆದುಬಿಟ್ಟಿದೆ.

ಹೀಗೆ ದಾರಿಯಲ್ಲಿ ಅರ್ಥ ತಲೆಕೆಳಗಾಗುವುದಕ್ಕೆ ನಮ್ಮ ಕಡೆಯದೇ ದೊಡ್ಡ ಉದಾಹರಣೆ ಇದೆ. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಜಾಂಗಲ ದೇಶ ಅಂದರೆ ಒಣ ಹವೆಯ, ಮರ ಕಡಿಮೆ ಇರುವ, ಬಯಲು ಬಯಲಾದ ನೆಲ. ಆರೋಗ್ಯಕ್ಕೆ ಒಳ್ಳೆಯದು, ಜಿಂಕೆ ಓಡಾಡುವ ನೆಲ. ಅದಕ್ಕೆ ಎದುರು ಆನೂಪ, ಅಂದರೆ ನೀರು, ಜೌಗು, ದಟ್ಟ ಮರ. ಆಗುಂಬೆ ಆನೂಪ ಆಯಿತು, ಚಳ್ಳಕೆರೆ ಜಾಂಗಲ. ಈಗ ಜಂಗಲ್ ಅಂದರೆ ಏನು? ಇಂಗ್ಲಿಷಿಗೆ ಹೋಗಿ ಬಂದ ಆ ಮಾತಿಗೆ ಬಿಸಿಲು ಬೀಳದ ಕಾಡು ಅಂತ ಅರ್ಥ. ಬಯಲಿಗೆ ಇದ್ದ ಹೆಸರನ್ನು ಕಾಡು ನುಂಗಿತು. ಶೋಲ ಕೂಡ ಹಾಗೇ ಊರು ಸುತ್ತಿ ಬಂದದ್ದು. ತಮಿಳಿನಲ್ಲಿ ಸೋಲೈ ಅಂದರೆ ತೋಪು. ನೀಲಗಿರಿಯಲ್ಲಿ ಇಂಗ್ಲಿಷರ ಕಿವಿಗೆ ಬಿದ್ದು ಶೋಲ ಆಯಿತು. ಅಲ್ಲಿಂದ ಪುಸ್ತಕಕ್ಕೆ, ಪುಸ್ತಕದಿಂದ ಕುದುರೆಮುಖದ ಬೋರ್ಡಿಗೆ. ಗುಡ್ಡದ ಸಂದಿಯಲ್ಲಿ ಕಪ್ಪಗೆ ಕೂತ ಕಾಡಿಗೆ ನಮ್ಮ ಸೊರಬ, ಸಾಗರದವರು ಹೇಳುವ ಕಾನು ಸಾಕಾಗುತ್ತಿತ್ತೇನೋ. ಆದರೆ ಶೋಲಕ್ಕೆ ಪಾಸ್‌ಪೋರ್ಟ್ ಇತ್ತು, ಕಾನಿಗೆ ಇರಲಿಲ್ಲ.

ಕಾಡಿಗೆ ತಮಿಳಿನ ಹೆಸರಾದರೂ ಬಂತು. ಅದರ ಸುತ್ತ ಇರುವ ಹುಲ್ಲಿಗೆ? ಕೊಡಚಾದ್ರಿಯ ತಲೆ, 1,343 ಮೀಟರ್ ಎತ್ತರದಲ್ಲಿ ಗಾಳಿಗೆ ಮಲಗಿದ ಹುಲ್ಲು. ಕುದುರೆಮುಖ, ಬಾಬಾಬುಡನಗಿರಿ, ಮುಳ್ಳಯ್ಯನಗಿರಿಯ ಮೈ ಪೂರ್ತಿ ಅದೇ. ಅದಕ್ಕೆ ಏನಂತಾರೆ ಅಂತ ಊರಿನವರನ್ನು ಕೇಳಿದೆ. "ಹುಲ್ಲುಗುಡ್ಡ" ಅಂದರು ಕೆಲವರು. ಜಾಸ್ತಿ ಜನ "ಬೋಳುಗುಡ್ಡ" ಅಂದರು.

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಹಿಮಾಲಯದಲ್ಲಿ ಗಢವಾಲಿನವರು ಎತ್ತರದ ಹುಲ್ಲಿಗೆ ಬುಗ್ಯಾಲ್ ಅಂತಾರೆ. ಕಾಶ್ಮೀರದಲ್ಲಿ ಮರ್ಗ್, ಗುಲ್‌ಮರ್ಗ್‌ನ ಮರ್ಗ್. ಬೇಸಿಗೆಗೆ ಕುರಿ, ಎಮ್ಮೆ ಹೊಡೆದುಕೊಂಡು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಇರುವ ಜನ ಇದ್ದರು, ಹೆಸರು ಹುಟ್ಟಿತು. ನಮ್ಮ ಕೊಡಚಾದ್ರಿಯ ತಲೆಗೆ ಕತ್ತಿ ಹಿಡಿದು ಹೋದವರು ಯಾರು? ಕರಡದ ಹೊರೆ ಅಲ್ಲಿಂದ ಇಳಿಸಲು ಆಗುತ್ತದಾ? ಮನೆ ಹಿಂದಿನ ಹುಲ್ಲಿಗೆ ಕೆಲಸ ಇತ್ತು, ಅದಕ್ಕೆ ಬ್ಯಾಣ ಅನ್ನುವ ಚೊಕ್ಕ ಹೆಸರು ಸಿಕ್ಕಿತು. ಗುಡ್ಡದ ತಲೆಯ ಹುಲ್ಲಿಗೆ ನಮ್ಮಿಂದ ಕೆಲಸ ಇರಲಿಲ್ಲ. ಅದನ್ನು ಕೆಳಗೆ ನಿಂತು ನೋಡಿದೆವು ಅಷ್ಟೇ. ಹಂಗೇರಿಯವರು ಖಾಲಿ ಅಂದ ಹಾಗೆ ನಾವು ಬೋಳು ಅಂದೆವು.

ಬೋಳು ಅನ್ನುವುದು ಬರೀ ಬಣ್ಣನೆ ಅಲ್ಲ. ಇದ್ದದ್ದು ಹೋಗಿದೆ ಅನ್ನುವ ದೂರು ಅದರೊಳಗೆ ಇದೆ. ತಲೆ ಬೋಳಾದರೆ ಕೂದಲು ಹೋಗಿದೆ, ಮರ ಬೋಳಾದರೆ ಎಲೆ ಹೋಗಿದೆ. ಗುಡ್ಡ ಬೋಳು ಅಂದ ಕೂಡಲೇ, ಅಯ್ಯೋ ಮರ ಕಡಿದಿದ್ದಾರೆ, ನೆಡೋಣ ಅನ್ನಿಸುತ್ತದೆ. ಆದರೆ ನೀಲಗಿರಿಯ ಎತ್ತರದ ಜೌಗಿನಲ್ಲಿ ಪದರ ಪದರವಾಗಿ ಕೂತ ಮಣ್ಣು ತೆಗೆದು ಅದರೊಳಗಿನ ಪರಾಗ, ಹುಲ್ಲಿನ ಗುರುತು ನೋಡಿದವರು ಬೇರೆ ಕಥೆ ಹೇಳುತ್ತಾರೆ. ಅಲ್ಲಿ ಹುಲ್ಲು 20,000 ವರ್ಷಕ್ಕೂ ಹಿಂದಿನಿಂದ ಇದೆ. ಕೊಡಲಿ ಹಿಡಿದ ರೈತ ಆ ಗುಡ್ಡಕ್ಕೆ ಕಾಲಿಡುವುದಕ್ಕೆ ಎಷ್ಟೋ ಮುಂಚೆ. ಹವೆ ಬದಲಾದಂತೆ ಕಾಡು ಸ್ವಲ್ಪ ಮುಂದೆ ಬಂದಿದೆ, ಹಿಂದೆ ಸರಿದಿದೆ, ಅಷ್ಟೇ. ತೆಳು ಮಣ್ಣು, ಬಿಡದ ಗಾಳಿ, ಎತ್ತರದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ, ಆಗಾಗ ಬೆಂಕಿ. ಮರ ಸಂದಿಯಲ್ಲಿ ಅಡಗಿ ಕೂತಿತು, ಹುಲ್ಲು ಬೆನ್ನ ಮೇಲೆ ನಿಂತಿತು. ಅದು ಬೋಳಲ್ಲ. ಅದರ ತಲೆಕೂದಲೇ ಹುಲ್ಲು.

ಕಂದಾಯದ ಕಾಗದದಲ್ಲಿ ಇನ್ನೊಂದು ಮಾತು ಇದೆ, ಬೋಳಿಗಿಂತ ಕೆಟ್ಟದ್ದು. ಖರಾಬು. ಪಾರ್ಸಿ, ಅರಬ್ಬಿ ಕಡೆಯಿಂದ ಬಂದದ್ದು, ಹಾಳಾದದ್ದು ಅಂತ ಅರ್ಥ. ಪಹಣಿಯಲ್ಲಿ ಉಳುವುದಕ್ಕೆ ಬಾರದ್ದು ಅ ಖರಾಬು, ರಸ್ತೆ, ಕೆರೆಯ ಹಾಗೆ ಎಲ್ಲರಿಗೂ ಸೇರಿದ್ದು ಬ ಖರಾಬು. ಬತ್ತವೋ ರಾಗಿಯೋ ಬೆಳೆಯದಿದ್ದರೆ ಹಾಳು ಅನ್ನುವ ಲೆಕ್ಕ. ಆದರೆ ಅದೇ ಕಂದಾಯದವರಿಗೆ ನಾನು ಒಂದು ವಿಷಯದಲ್ಲಿ ಕೈಮುಗಿಯುತ್ತೇನೆ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ನೋಡಿ. ಕುಮ್ಕಿ, ಬಾಣೆ, ಬೆಟ್ಟ, ಹಾಡಿ, ಸೊಪ್ಪಿನ ಬೆಟ್ಟ, ಜಮ್ಮಾ ಅಂತ ಊರೂರಿನ ಹೆಸರುಗಳು ಹಾಗೇ ಸಾಲಾಗಿ ಕೂತಿವೆ. ಇಂಗ್ಲಿಷಿನ ಪ್ರತಿಯಲ್ಲೂ ಅವೇ ಹೆಸರು. ಕಾಯ್ದೆ ಬರೆದವರು ಅನುವಾದಕ್ಕೆ ಕೈ ಹಾಕಲಿಲ್ಲ. ಬುದ್ಧಿವಂತರು. ಗೋಮಾಳಕ್ಕೆ ನಿಯಮವೂ ಇದೆ, ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್. ಹುಲ್ಲನ್ನು ಬಾಯಿಗಳ ಲೆಕ್ಕದಲ್ಲಿ ಅಳೆದದ್ದು ನನಗೆ ಇಷ್ಟ.

ಮಾವನ ಊರಿನ ಗೋಮಾಳಕ್ಕೆ ನಾನು ಶಾಲೆಗೆ ಹೋಗುವಾಗಲೇ ಅಕೇಶಿಯಾ ಬಂತು. ಆಸ್ಟ್ರೇಲಿಯಾ, ನ್ಯೂಗಿನಿಯ ಮರ, ಭರಭರ ಬೆಳೆಯಿತು. ಅದರ ಕೆಳಗೆ ಒಣ ಎಲೆ ಇರುತ್ತದೆ, ಹುಲ್ಲು ಇರುವುದಿಲ್ಲ. ಜನ ಆ ಜಾಗಕ್ಕೆ ಪ್ಲಾಂಟೇಷನ್ ಅನ್ನಲು ಶುರು ಮಾಡಿದರು. "ಗಂಗೆ ಎಲ್ಲಿ?" "ಪ್ಲಾಂಟೇಷನ್ನಿಗೆ ಹೋಗಿದೆ." ಗಂಗೆ ನಮ್ಮ ಮಲೆನಾಡು ಗಿಡ್ಡ ತಳಿಯ ದನ. ಹೋಗುತ್ತಿತ್ತು, ಹಾಗೇ ವಾಪಸ್ ಬರುತ್ತಿತ್ತು, ಹೊಟ್ಟೆ ತುಂಬದೆ. ಅಭ್ಯಾಸಬಲ.

ಗುಜರಾತಿನ ಕಚ್ಛ್‌ನಲ್ಲೂ ಇದೇ ಆಗಿದೆ. ಅಲ್ಲಿ ಸುಮಾರು 2,500 ಚದರ ಕಿಲೋಮೀಟರಿನ ಹುಲ್ಲುನಾಡಿನ ಹೆಸರು ಬನ್ನಿ. ದಸರೆಗೆ ನಾವು ಎಲೆ ಹಂಚುವ ಬನ್ನಿ ಅಲ್ಲ, ಕಾಕತಾಳೀಯವಾಗಿ ಒಂದೇ ಸದ್ದು. 1960ರ ದಶಕದಲ್ಲಿ ಉಪ್ಪಿನ ಮರುಭೂಮಿ ಮುಂದೆ ಬರದಿರಲಿ ಅಂತ ಅಲ್ಲಿ ನೆಟ್ಟದ್ದು ನಮ್ಮವರು ಬಳ್ಳಾರಿ ಜಾಲಿ ಅನ್ನುವ ಗಿಡ. ಅದು ಬನ್ನಿ ಮರದ ದಾಯಾದಿ. ಈಗ ಅಲ್ಲಿ ಹುಲ್ಲಿಗಿಂತ ಅದರ ಮಾತೇ ಜಾಸ್ತಿ. ಅಲ್ಲಿಯವರು ಅದಕ್ಕೆ ಗಾಂಡೋ ಬಾವಳ ಅಂತಾರೆ, ಹುಚ್ಚು ಜಾಲಿ ಅಂತ. ಹೆಸರಿಡುವುದರಲ್ಲಿ ದನಗಾಹಿಗಳನ್ನು ಮೀರಿಸುವವರಿಲ್ಲ.

ಬೇರೆಯವರನ್ನು ದೂರಿ ಏನು ಮಾಡುವುದು, ಬ್ಯಾಣವನ್ನು ಅಕೇಶಿಯಾ ಒಂದೇ ತಿನ್ನಲಿಲ್ಲ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಮಾವನ ಮಗ ಜೆಸಿಬಿ ತರಿಸಿ ಬ್ಯಾಣದ ಕೆಳಗಿನ ಅರ್ಧವನ್ನು ಮಟ್ಟ ಮಾಡಿಸಿದ. ಬೋರ್‌ವೆಲ್ ಹೊಡೆಸಿದ, ಅಡಿಕೆ ಸಸಿ ಇಟ್ಟ. ನಾನು ಬೇಡ ಅನ್ನಲಿಲ್ಲ. ಅನ್ನುವ ಹಕ್ಕೂ ನನಗಿರಲಿಲ್ಲ, ಶಿವಮೊಗ್ಗದಲ್ಲಿ ಸೈಟು ತಗೊಳ್ಳುವಾಗ ಅದೇ ಅಡಿಕೆ ದುಡ್ಡಿನಲ್ಲಿ ಮಾವ ಕೈಸಾಲ ಕೊಟ್ಟಿದ್ದರು. ಕೊಟ್ಟಿಗೆಯಲ್ಲಿ ಹದಿನಾಲ್ಕು ದನ ಇದ್ದದ್ದು ಈಗ ಎರಡು. ಕರಡ ಕೊಯ್ಯಲು ಜನ ಸಿಗುವುದಿಲ್ಲ, ಸಿಕ್ಕಿದರೂ ಕೊಯ್ಸಿ ಏನು ಮಾಡುವುದು, ಗೊಬ್ಬರ ಚೀಲದಲ್ಲಿ ಬರುತ್ತದೆ. ಉಳಿದ ಅರ್ಧ ಬ್ಯಾಣದಲ್ಲಿ ಹುಲ್ಲು ನಿಂತಲ್ಲೇ ಒಣಗುತ್ತದೆ. ಮಾವ ಮಾತ್ರ, ವಯಸ್ಸು ಎಂಬತ್ತರ ಹತ್ತಿರ, ಪ್ರತಿ ವರ್ಷ ಒಂದು ಮೂಲೆಯಲ್ಲಿ ನಾಲ್ಕು ಹೊರೆ ಆಗುವಷ್ಟು ಕೊಯ್ಯುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ.

ಕಳೆದ ದೀಪಾವಳಿಗೆ ಹೋಗಿದ್ದೆವು. ಈಗ ಗಂಡನಿಗೆ ಬೆಟ್ಟ ಅಂದರೆ ಏನು ಅಂತ ಗೊತ್ತು, ಚಪ್ಪಲಿಯಲ್ಲೇ ಬರುತ್ತಾರೆ. ಬ್ಯಾಣಕ್ಕೆ ಮಾತ್ರ ಇನ್ನೂ ಕಾವಲು ಅಂತಲೇ ಅನ್ನುತ್ತಾರೆ, ಹಟಕ್ಕೆ. ಮಾವನ ಮೊಮ್ಮಕ್ಕಳು, ಅಕ್ಕಪಕ್ಕದ ಮನೆಯ ಹುಡುಗರು ಸೇರಿ ಬ್ಯಾಟು, ಮೂರು ಕೋಲು ಹಿಡಿದು ನಮ್ಮನ್ನು ದಾಟಿ ಓಡಿದರು. "ಎಲ್ಲಿಗೋ?" ಅಂದೆ.

"ಗ್ರೌಂಡಿಗೆ ಚಿಕ್ಕಿ."

ಯಾವ ಗ್ರೌಂಡು ಅಂತ ಹಿಂದೆಯೇ ಹೋದೆ. ಮಾವ ಕೊಯ್ದು ಬೋಳು ಮಾಡಿದ ಅದೇ ಮೂಲೆ. ಹುಲ್ಲಿನ ಕೂಳೆ ನಡುವೆ ಪಿಚ್ ಉಜ್ಜಿ ಉಜ್ಜಿ ಕೆಂಪು ಮಣ್ಣು ಕಾಣುತ್ತಿತ್ತು. ನಾನು ಮಾವನ ಮುಖ ನೋಡಿದೆ. ಈಗ ತಿದ್ದುತ್ತಾರೆ, ಗ್ರೌಂಡ್ ಅಲ್ಲ ಬ್ಯಾಣ ಅಂತಾರೆ ಅಂದುಕೊಂಡೆ. ಅವರು ಕತ್ತಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹುಡುಗರಿಗೆ ಕೂಗಿದರು.

"ಕೊಯ್ದಲ್ಲಿ ಮಾತ್ರ ಆಡಿ. ಚೆಂಡು ಆಚೆ ಹೋದ್ರೆ ಹುಲ್ಲಿನ ಊಬು ಚುಚ್ಚುತ್ತೆ. ತಡೀರಿ, ಇನ್ನೊಂದು ನಾಲ್ಕು ಮಾರು ಕೊಯ್ದು ಕೊಡ್ತೆ."